ಸಣ್ಣ ಗಾಡ್ಯಾಗ ಡೀಸೆಲ್ ಇಲ್ರಿ

ನಾನೊಂದು ಸಣ್ಣ ಪಿಕಪ್ ಗಾಡಿ. ದೂರದ ಕಾರ್ಖಾನೆಯೊಂದರಲ್ಲಿ ತಗಡು ಬಡಿದು, ಬಿಳಿ ಬಣ್ಣ ಹೊಡೆದು, ನನ್ನ ಹೊಟ್ಟೆಯೊಳಗೆ ಪೆಟ್ರೋಲ್ ಎಂಜಿನ್ ಕೂರಿಸಿದರು. ಪಕ್ಕದ ಸಾಲಿನಲ್ಲಿ ನನಗಿಂತ ಅಗಲವಾದ ಗಾಡಿಗಳಿಗೆ ಡೀಸೆಲ್ ಎಂಜಿನ್ ಹೋಗುತ್ತಿತ್ತು. ನಮ್ಮ ಸಾಲಿಗೆ ಅದು ನಿಂತುಹೋಗಿತ್ತು. ಯಾಕೆಂದು ನಾನು ಯಾರನ್ನು ಕೇಳಲಿ? ಹುಟ್ಟುವವರಿಗೆ ಹೊಟ್ಟೆ ಆರಿಸಿಕೊಳ್ಳುವ ಅಧಿಕಾರವಿಲ್ಲ.

ನನ್ನನ್ನು ಕೊಂಡವನು ಗುಡದಕೋಟಿಯ ಸಕ್ರಪ್ಪ. ಕೊಪ್ಪಳದ ಕಡೆ, ಬಂಡೆಗುಡ್ಡದ ನೆತ್ತಿಯ ಮೇಲೆ ಅವನ ಊರು. ಊರೊಳಗಿನ ಬಾವಿಯ ನೀರು ಉಪ್ಪು, ಅದರಲ್ಲಿ ಬೇಳೆ ಬೇಯುವುದಿಲ್ಲ. ಸಿಹಿನೀರಿನ ಬಾವಿ ಇರುವುದು ಗುಡ್ಡದ ಬುಡದಲ್ಲಿ. ಹೆಂಗಸರು ತಲೆಯ ಮೇಲೆ ಹೊತ್ತು ತರುತ್ತಿದ್ದ ಆ ನೀರನ್ನು ಗಾಡಿಯ ಮೇಲೆ ಏರಿಸಿದವನು ಸಕ್ರಪ್ಪ. ಬೆಳಿಗ್ಗೆ ಅವನ ಹಾರನ್ ಕೇಳಿದ ಮೇಲೆಯೇ ಊರಲ್ಲಿ ಚಹಾ. ಅದಕ್ಕೇ ಅವನ ಹೆಸರು ನೀರಿನ ಸಕ್ರಪ್ಪ.

ನನಗಿಂತ ಮುಂಚೆ ಅವನಲ್ಲಿ ಕರಿಯ ಎಂಬ ಡೀಸೆಲ್ ಗಾಡಿ ಇತ್ತಂತೆ. ನನ್ನಷ್ಟೇ ಸಣ್ಣದು. ಅದರ ಮೈ ತುಕ್ಕು ಹಿಡಿದು ಉದುರಿದರೂ ಎಂಜಿನ್ ಗಟ್ಟಿಯಿತ್ತು. ಅದನ್ನು ಬಿಚ್ಚಿ, ಗೋಣಿತಾಟು ಹೊದಿಸಿ ಹಿತ್ತಲಲ್ಲಿಟ್ಟು, ಅಂಥದೇ ಇನ್ನೊಂದು ಕೊಡ್ರಿ ಎಂದು ಶೋರೂಮಿಗೆ ಬಂದಿದ್ದ.

"ಸಣ್ಣ ಗಾಡ್ಯಾಗ ಡೀಸೆಲ್ ಇಲ್ರಿ ಕಾಕಾ," ಎಂದ ಮಾರುವ ಹುಡುಗ. "ಡೀಸೆಲ್ಲೇ ಬೇಕಂದ್ರ ದೊಡ್ಡದು ತಗೋರಿ."

ಸಕ್ರಪ್ಪ ದೊಡ್ಡ ಗಾಡಿಯ ಮುಂದೆ ನಿಂತು ಎರಡೂ ಕೈ ಚಾಚಿ ಅಳೆದ. ಅವನೂರಿಗೆ ಇರುವುದು ಒಂದೇ ದಾರಿ. ಒಂದು ಕಡೆ ಬಂಡೆ, ಒಂದು ಕಡೆ ಕಂದಕ, ಕೊನೆಗೆ ಊರೊಳಗೆ ಹೋಗುವ ಕಲ್ಲಿನ ಹಳೇ ಅಗಸಿ ಬಾಗಿಲು. ಅಗಸಿ ದಾಟಿ ಚಾವಡಿಯ ಮುಂದಕ್ಕೆ ಬಂದರಷ್ಟೇ ಗಾಡಿ ತಿರುಗಿಸಲು ಜಾಗ.

"ಇದು ನಮ್ಮ ಅಗಸ್ಯಾಗ ಹಿಡಿಯೂದಿಲ್ಲ," ಎಂದ. "ಏನು, ಅಗಸಿ ಒಡಸ್ಲೇನು?"

ಹುಡುಗ ನಕ್ಕ. ಸಕ್ರಪ್ಪ ನಗಲಿಲ್ಲ. ಒಲ್ಲದ ಮನಸ್ಸಿನಿಂದಲೇ ನನಗೆ ಹಾರ ಹಾಕಿಸಿದ.

ಬಯಲಿನ ಮೇಲೆ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಬೆನ್ನ ಮೇಲೆ ತುಂಬಿದ ಟ್ಯಾಂಕಿಟ್ಟು ಗುಡ್ಡ ಹತ್ತಿಸಿದರೆ ನನಗೆ ಅರಚಾಟವೇ ಬಂಡವಾಳ. ಮೊದಲ ಗೇರಿನಲ್ಲಿ ಕೂಗುತ್ತ, ಕ್ಲಚ್ ಸುಟ್ಟ ವಾಸನೆ ಬಿಡುತ್ತ ತೆವಳುತ್ತಿದ್ದೆ. ಅರ್ಧ ಟ್ಯಾಂಕಿಗೆ ಇಳಿಸಿದ ಮೇಲೆ ಹತ್ತಿದೆ. ಅರ್ಧ ಟ್ಯಾಂಕು ಅರ್ಧ ಊರಿಗೂ ಸಾಲದು. ಕೊಡ ಹಿಡಿದು ನಿಂತವರು, ಕರಿಯ ಇದ್ದಾಗ ಹಿಂಗಿರಲಿಲ್ಲ ಬಿಡ್ರಿ ಎನ್ನುತ್ತಿದ್ದರು. ಒಂದು ದಿನವಾದರೂ ಆ ಹೆಸರು ಕೇಳದೆ ನನಗೆ ಬೆಳಕು ಹರಿಯಲಿಲ್ಲ.

ನನ್ನ ಪರವಾಗಿದ್ದವಳು ಒಬ್ಬಳೇ, ಅಗಸಿಗೆ ಆತುಕೊಂಡ ಮನೆಯ ಮುದುಕಿ ಕೊಟ್ರವ್ವ. ಕರಿಯನ ಹೊಗೆಯೆಲ್ಲ ಅಗಸಿಯ ಕಮಾನಿಗೆ ತಾಗಿ ಅವಳ ಅಡುಗೆಮನೆಗೆ ನುಗ್ಗುತ್ತಿತ್ತಂತೆ.

"ರೊಟ್ಟಿ ಸುದ್ದಾ ಎಣ್ಣಿ ನಾತ ಹೊಡೀತಿತ್ತು," ಎಂದಳು. "ಇದು ದೇವರಂಥ ಗಾಡಿ ನೋಡು. ಕೆಮ್ಮೇ ಬರೂದಿಲ್ಲ."

"ದೇವರಂಥಾದ್ದೇ ಬಿಡು ಆಯಿ," ಎಂದ ಸಕ್ರಪ್ಪ. "ಇದ್ದಲ್ಲೇ ಕುಂದ್ರತೈತಿ."

ಒಂದು ಬೇಸಿಗೆಯ ದಿನ ಅವನಿಗೆ ರೇಗಿತು. ಟ್ಯಾಂಕು ತುಂಬಿಸಿಯೇ ಹತ್ತಿಸಿದ. ಕಡೆಯ ತಿರುವಿನಲ್ಲಿ ನನ್ನ ಉಸಿರು ಕಟ್ಟಿತು, ಹಿಂದಕ್ಕೆ ಜಾರಿದೆ. ಅವನು ಕೈಬ್ರೇಕ್ ಎಳೆದು, ಜಿಗಿದು, ಗಾಲಿಗೆ ಕಲ್ಲು ಕೊಟ್ಟ. ಕಂದಕ ಒಂದು ಮಾರು ದೂರದಲ್ಲಿತ್ತು. ಭಾರ ಇಳಿಸಲು ನಲ್ಲಿ ಬಿಚ್ಚಿದ. ಅಗಸಿಯ ಹತ್ತಿರ ಕಾಯುತ್ತಿದ್ದವರ ಕಣ್ಣೆದುರಿಗೇ ಸಿಹಿನೀರು ಬಂಡೆಯ ಮೇಲೆ ಹರಿದುಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ನನ್ನನ್ನು ಮೆಕ್ಯಾನಿಕ್ ಮಕ್ತುಂಸಾಬನ ಹತ್ತಿರ ಒಯ್ದ. ಹಿಂದೆಯೇ ಎತ್ತಿನ ಬಂಡಿಯಲ್ಲಿ ಗೋಣಿತಾಟು ಹೊದ್ದ ಎಂಜಿನ್ ಬಂತು. ಇದು ಕಾಯ್ದೆಗೆ ಕೂಡೂದಿಲ್ಲ ಮಾರಾಯ ಎಂದು ಸಾಬ ಮೊದಲೇ ಹೇಳಿದ. ಸಕ್ರಪ್ಪ ಕೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಹೊಟ್ಟೆ ಬಿಚ್ಚಿದರು. ನನ್ನ ಎಂಜಿನ್ ಕೂಲಿಯ ಲೆಕ್ಕಕ್ಕೆ ಸಾಬನಿಗೆ ಸಂದು, ಅವನ ಕೈಯಿಂದ ಮದುವೆ ಬ್ಯಾಂಡಿನವರ ವ್ಯಾನಿಗೆ ಸೇರಿತು. ಬಯಲಿನ ಊರುಗಳಲ್ಲಿ ತುತ್ತೂರಿ ಹೊತ್ತು ಸುಖವಾಗಿದೆಯಂತೆ. ನನ್ನೊಳಗೆ ಕರಿಯ ಕೂತ.

ಗುಡ್ಡ ಹತ್ತುವುದೆಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಅರಚಾಟವಿಲ್ಲ. ತುಂಬಿದ ಟ್ಯಾಂಕಿನೊಡನೆ ಗುಡುಗುಡು ಎನ್ನುತ್ತ ಅಗಸಿ ದಾಟಿದೆ. ಸಕ್ರಪ್ಪ ಹಾರನ್ ಒತ್ತಿ ಹಿಡಿದೇ ಇದ್ದ. ಜನ ನನ್ನ ಬಾನೆಟ್ ತಟ್ಟಿ 'ಬಂದ್ಯಾ ಕರಿಯಾ' ಎಂದರು. ಮೈ ನನ್ನದು, ಹೆಸರು ಅವನದು. ಕೊಟ್ರವ್ವ ಕೆಮ್ಮುತ್ತ ಬಾಗಿಲು ಹಾಕಿಕೊಂಡಳು. ಆಮೇಲೆ ನನ್ನನ್ನು ಅವಳು ದೇವರೆನ್ನಲಿಲ್ಲ.

ಆ ಸುಖ ಒಂದು ಮಳೆಗಾಲವನ್ನೂ ಪೂರ್ತಿ ಕಾಣಲಿಲ್ಲ. ಗಾಡಿಯ ತಪಾಸಣೆಗೆ ಹೋದಾಗ ಆರ್‌ಟಿಓ ಸಾಹೇಬರು ಬಾನೆಟ್ ಎತ್ತಿದರು, ಕಾಗದ ನೋಡಿದರು, ಮತ್ತೆ ಬಾನೆಟ್ ನೋಡಿದರು. ಕಾಗದದಲ್ಲಿ ಪೆಟ್ರೋಲ್, ಹೊಟ್ಟೆಯಲ್ಲಿ ಡೀಸೆಲ್. ಅವರು ಕೆಟ್ಟವರಲ್ಲ. ಹೊಗೆಯ ಬಗ್ಗೆ ಹೇಳಿದರು, ನಾಳೆ ಏನಾದರೂ ಆದರೆ ಗತಿ ಏನೆಂದೂ ಹೇಳಿದರು. ಇದನ್ನು ತೆಗೆಸದೆ ಗಾಡಿ ರಸ್ತೆಗಿಳಿಯಬಾರದು ಎಂದರು.

"ಕಂಪನಿಯವ್ರೇ ಕೊಟ್ಟಿದ್ರ ನಾ ಯಾಕ ಹಾಕಿಸ್ತಿದ್ದೆ ಸಾಹೇಬ್ರ?" ಎಂದ ಸಕ್ರಪ್ಪ.

ಅದನ್ನು ಕಂಪನಿಯವರಿಗೇ ಕೇಳಬೇಕು ಎಂದರು ಸಾಹೇಬರು. ಕಂಪನಿ ಎಲ್ಲಿ, ಗುಡದಕೋಟಿ ಎಲ್ಲಿ!

ಕರಿಯನನ್ನು ಮತ್ತೆ ಬಿಚ್ಚಿ ಗುಡ್ಡದ ಬುಡದಲ್ಲಿ ಇಳಿಸಿದರು. ನನ್ನ ಹಳೇ ಎಂಜಿನ್ ಬ್ಯಾಂಡಿನವರು ಕೊಡಲೊಲ್ಲರು. ಖಾಲಿ ಹೊಟ್ಟೆಯ ನನ್ನನ್ನು ಎರಡು ಜೋಡಿ ಎತ್ತು ಕಟ್ಟಿ ಮೇಲಕ್ಕೆ ಎಳೆದರು. ಹೆಂಗಸರು ಮತ್ತೆ ತಲೆಯ ಮೇಲೆ ಸಿಂಬಿಯಿಟ್ಟು ಕೊಡ ಹೊತ್ತರು. ಸಕ್ರಪ್ಪನ ಹೆಂಡತಿ ರತ್ನವ್ವನೂ ಹೊತ್ತಳು. ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಕಂಪನಿ, ಸಾಹೇಬರು, ನಾನು, ಎಲ್ಲರನ್ನೂ ಬೈಯುತ್ತಿದ್ದ.

ಒಂದು ಮಧ್ಯಾಹ್ನ ರತ್ನವ್ವ ಕೊಡ ಇಳಿಸಿ, ನನ್ನ ಗಾಲಿಗೆ ಆತು ದಮ್ಮು ತೆಗೆದುಕೊಂಡಳು.

"ಆ ಎಂಜಿನ್ನು ಗುಡ್ಡ ಹತ್ತಬೇಕಂತ ಯಾಕ ಹಟ?" ಎಂದಳು. "ನೀರು ಹತ್ತಿದ್ರ ಸಾಕಲ್ಲ."

ಪಂಚಾಯ್ತಿಯವರು ಹಿಂದೆಂದೋ ಹಾಕಿದ ಪೈಪು ಬಂಡೆಯ ಮಗ್ಗುಲಲ್ಲಿ ಹಾಗೇ ಬಿದ್ದಿತ್ತು. ಅದರ ಮೋಟಾರು ಸುಟ್ಟಾಗ, ಸಕ್ರಪ್ಪನ ಗಾಡಿ ಇದೆಯಲ್ಲ ಎಂದು ಊರು ಸುಮ್ಮನಾಗಿತ್ತು. ಸಕ್ರಪ್ಪ ಎದ್ದು ಮಕ್ತುಂಸಾಬನ ಕಡೆ ಹೋದ.

ಈಗ ಕರಿಯ ಬಾವಿಯ ದಂಡೆಯ ಮೇಲೆ ಪಂಪಿಗೆ ಬೆಲ್ಟು ಕಟ್ಟಿಕೊಂಡು ಗುಡುಗುತ್ತಾನೆ. ಅವನ ಹೊಗೆ ಬಯಲಿಗೆ ಹೋಗುತ್ತದೆ, ಕೊಟ್ರವ್ವ ಬಾಗಿಲು ತೆರೆದೇ ರೊಟ್ಟಿ ಬಡಿಯುತ್ತಾಳೆ. ಪೈಪು ಬಂದು ಮುಗಿಯುವುದು ಚಾವಡಿಯ ಮುಂದೆ ನಿಂತ ನನ್ನ ಬೆನ್ನ ಮೇಲಿನ ಟ್ಯಾಂಕಿಗೆ. ಊರಿಗೆ ನೀರು ಸಿಕ್ಕಿತು. ನನ್ನ ಟೈರು ಸೀಳಿವೆ, ಸೀಟಿನಡಿ ಕೋಳಿ ಮೊಟ್ಟೆಯಿಡುತ್ತದೆ. ನಾನು ಗಾಡಿಯೋ ಕಟ್ಟೆಯೋ ನನಗೇ ತಿಳಿಯದು.

ಸಕ್ರಪ್ಪ ದಿನಾ ಬಂದು ಸ್ಟೀರಿಂಗ್ ಹಿಡಿದು ಕೂರುತ್ತಾನೆ. ಕೆಳಗೆ ಎಂಜಿನ್ ಸದ್ದು ಏರಿದರೆ ಅವನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಕೊಪ್ಪಳದಿಂದ ಯಾರೇ ಬರಲಿ, ಅವನದು ಒಂದೇ ಪ್ರಶ್ನೆ: ಸಣ್ಣ ಗಾಡ್ಯಾಗ ಡೀಸೆಲ್ ಬಂದೈತೇನು? ಇಲ್ಲ ಎನ್ನುತ್ತಾರೆ.

ಟ್ಯಾಂಕು ತುಂಬುತ್ತಿದ್ದಂತೆ ನನ್ನ ಬೆನ್ನು ಕೆಳಗಿಳಿಯುತ್ತದೆ. ಚಾವಡಿಯ ಮುಂದೆ ಇಳಿಜಾರು. ಸೀಟಿನಿಂದ ಇಳಿದು ಹೋಗುವಾಗ ಅವನು ಕೈಬ್ರೇಕನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಾನೆ, ನಾನು ಎಲ್ಲಿಗೋ ಹೊರಟುಬಿಡುತ್ತೇನೆ ಎನ್ನುವಂತೆ.