ಗಾಜಿನೊಳಗಿನ ಗುತ್ತೆಪ್ಪ

ಶಿಗ್ಗಾಂವಿಯ ಹೊನ್ನವ್ವನಿಗೆ ತನ್ನ ಗಂಡನ ಮುಖ ಮರೆತುಹೋಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಪ್ಪತ್ಮೂರು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಗುತ್ತೆಪ್ಪ ಅವಳನ್ನು ಸವಣೂರಿಗೆ ಕರೆದೊಯ್ದು ಜೋಡಿ ಫೋಟೋ ತೆಗೆಸಿದ್ದ. ಅದನ್ನು ತರುವ ಮೊದಲೇ ಆ ವರ್ಷದ ದೊಡ್ಡ ಜ್ವರ ಅವನನ್ನು ಒಯ್ದಿತು. ಮಗಳು ಸಾವಂತ್ರವ್ವ ಆಗಿನ್ನೂ ಹೊಟ್ಟೆಯಲ್ಲಿದ್ದಳು. ಫೋಟೋದ ನೆನಪು ಯಾರಿಗಿದ್ದೀತು? ಮುಂದೆ ಮಗಳು ಅಪ್ಪನ ಬಗ್ಗೆ ಕೇಳಿದಾಗಲೆಲ್ಲ ಹೊನ್ನವ್ವ, "ನಿನ್ನಂಗ ಇದ್ರು" ಎಂದಷ್ಟೇ ಹೇಳಿ ಕೆಲಸಕ್ಕೆ ಏಳುತ್ತಿದ್ದಳು.

೧೯೪೧ರ ಬೇಸಗೆಯಲ್ಲಿ ಸವಣೂರಿನಿಂದ ಸುದ್ದಿ ಬಂತು. ಯುದ್ಧದ ದೆಸೆಯಿಂದ ಗಾಜು ಸಿಗುತ್ತಿರಲಿಲ್ಲ. ಫೋಟೋ ಅಂಗಡಿಯ ಮಹಮ್ಮದಗೌಸ ತನ್ನ ಅಪ್ಪ ಫೋಟೋ ತೆಗೆದಿದ್ದ ಗಾಜಿನ ಪ್ಲೇಟುಗಳನ್ನು ತೊಳೆದು ಕಿಟಕಿಗೆ ಕೂರಿಸುತ್ತಿದ್ದ. ಅವುಗಳ ನಡುವೆ ಗುತ್ತೆಪ್ಪನ ಹೆಸರು ಬರೆದ ಲಕೋಟೆ, ಅದರೊಳಗೆ ಒಂದು ಗಾಜು ಸಿಕ್ಕಿತ್ತಂತೆ.

ತಾಯಿ ಮಗಳಿಬ್ಬರೂ ಹೋದರು.

"ಅಂಚು ಹಿಡೀರಿ ಅವ್ವಾರ, ಬೆಳಕಿಗೆ ಒಡ್ಡಿ ನೋಡ್ರಿ" ಎಂದು ಗೌಸ ಗಾಜನ್ನು ಅವಳ ಕೈಗಿಟ್ಟ.

ಹೊನ್ನವ್ವ ಕಿಟಕಿಗೆ ಒಡ್ಡಿದಳು. ಬಿಳಿ ಮೀಸೆಯ ಮುದುಕನೊಬ್ಬ ಕುಳಿತಿದ್ದ. ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಕೂದಲಿನ ಮುದುಕಿ. ಹೊನ್ನವ್ವ ಗಾಜನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದಳು.

"ಮುದುಕ ಆಗ್ಯಾರಲ್ಲ! ನನ್ನ ಸಂಗಾಟ ಮುದುಕ ಆಗ್ಯಾರ!"

"ಗಾಜಿನ್ಯಾಗ ಕರೀದು ಬಿಳಿ ಕಾಣ್ತೈತ್ರಿ" ಗೌಸ ಮೆತ್ತಗೆ ಹೇಳಿದ. "ಬಿಸಲಾಗ ಇಟ್ರ ಖರೇ ರೂಪ ಬರ್ತೈತಿ."

ಗಾಜನ್ನು ಅವಳು ಬಿಡಲೊಲ್ಲಳು. ಕಡೆಗೆ ಮಗಳೇ ಬಿಡಿಸಿಕೊಂಡು ಕೊಟ್ಟಳು. ಗೌಸ ಅದರ ಬೆನ್ನಿಗೆ ಔಷಧ ಸವರಿದ ಫೋಟೋ ಕಾಗದ ಹಚ್ಚಿ, ಕಟ್ಟಿಗೆಯ ಚೌಕಟ್ಟಿನಲ್ಲಿ ಬಿಗಿದು ಅಂಗಳದ ಬಿಸಿಲಿಗಿಟ್ಟ. ಸ್ವಲ್ಪ ಹೊತ್ತಿಗೊಮ್ಮೆ ನೆರಳಿಗೆ ತಂದು, ಚೌಕಟ್ಟಿನ ಹಿಂಬದಿಯ ಅರ್ಧ ಮುಚ್ಚಳ ತೆರೆದು ಕಾಗದ ಎತ್ತಿ ತೋರಿಸಿದ. ಬರೀ ಬಿಳಿ ಕಾಗದದ ಮೇಲೆ ಮೊದಲು ಮೀಸೆ ಮೂಡಿತು. ಆಮೇಲೆ ಕಣ್ಣು, ಕೆನ್ನೆ. ಯಾರ ಕೈಯೂ ತಾಕದೆ, ಬಿಸಿಲೇ ಅವನನ್ನು ಬರೆಯುತ್ತಿತ್ತು.

"ಅವ್ವ, ನಮ್ಮಪ್ಪ ನನಗಿಂತ ಸಣ್ಣಾಂವ ಅದಾನ!" ಎಂದಳು ಸಾವಂತ್ರವ್ವ.

"ಇಪ್ಪತ್ತು ತುಂಬಿತ್ತವ್ವ ಅವರಿಗೆ." ಹೊನ್ನವ್ವ ಮುಟ್ಟಲು ಕೈಚಾಚಿದಳು.

"ತಡೀರಿ, ಇನ್ನೂ ಔಷಧದಾಗ ಅದ್ದಬೇಕು" ಎಂದು ಗೌಸ ಒಳಗೊಯ್ದ.

ತೊಳೆದು ಒಣಗಿಸಿದ ಫೋಟೋ ಕೈಗೆ ಬಂದಾಗ ಹೊನ್ನವ್ವ ಅದನ್ನು ಮಗಳಿಗೆ ಕೊಟ್ಟಳು.

"ಇದು ಇಕೀಗಿ ಇರಲಿ. ನನಗ ಆ ಗಾಜು ಕೊಡ್ರಿ. ಅದರಾಗ ನಾವಿಬ್ರೂ ಕೂಡೇ ಮುಪ್ಪಾಗೇವಿ."

ಗೌಸ ಹಳೆಯ ಅರಿವೆಯಲ್ಲಿ ಸುತ್ತಿ ಕೊಟ್ಟ. ಊರಿಗೆ ಮರಳುವ ಚಕ್ಕಡಿ ಬಂಕಾಪುರ ದಾಟುವವರೆಗೂ ಸಾವಂತ್ರವ್ವ ಅಪ್ಪನ ನಡಿಗೆ, ನಗು, ಸಿಟ್ಟು ಎಲ್ಲ ಕೇಳಿದಳು. ಒಂದೊಂದಕ್ಕೂ ಹೊನ್ನವ್ವನಿಗೆ ಉತ್ತರ ನೆನಪಾಗುತ್ತ ಹೋಯಿತು.