ಹತ್ತು ಆಂಪೂಲ್

ಗಂಗಾಂಬಿಕೆಗೆ ಒಂದು ಔಷಧದ ಹೆಸರು ಕೇಳಿದರೇ ಕೈ ತಣ್ಣಗಾಗುತ್ತಿತ್ತು. ಜನರಲ್ ನರ್ಸಿಂಗ್ ಮುಗಿಸಿ ನರಸಿಂಹರಾಜಪುರ ತಾಲ್ಲೂಕಿನ ಸಣ್ಣದೊಂದು ಆರೋಗ್ಯ ಕೇಂದ್ರದಲ್ಲಿ ಆರು ವರ್ಷ ಕೆಲಸ ಮಾಡಿದ್ದಳು. ಡಾಕ್ಟರು ಬರೆದದ್ದನ್ನು ಕೊಡುವುದು, ಅಷ್ಟೇ. 2007ರ ಜನವರಿಯಲ್ಲಿ ಅವಳನ್ನು ಚಿಕ್ಕಮಗಳೂರಿಗೆ ಮೂರು ವಾರದ ಹೆರಿಗೆ ತರಬೇತಿಗೆ ಕಳಿಸಿದರು. ಡಾಕ್ಟರಿಲ್ಲದ ಹೊತ್ತಿನಲ್ಲಿ ನರ್ಸೇ ಕೊಡಬಹುದಾದ ಇಂಜೆಕ್ಷನ್‌ಗಳನ್ನು ಅಲ್ಲಿ ಕಲಿಸಿದರು. ಅವಳು ಹೆದರುವ ಆ ಔಷಧವೂ ಅದರಲ್ಲೊಂದು, ಮೆಗ್ನೀಸಿಯಂ ಸಲ್ಫೇಟ್.

"ಬಸುರಿಗೆ ಬರೋ ಫಿಟ್ಸ್ ಇದರಿಂದ ನಿಲ್ಲುತ್ತೆ. ಹೆಚ್ಚಾದ್ರೆ ಉಸಿರೂ ನಿಲ್ಲುತ್ತೆ," ಎಂದಿದ್ದರು ಕಲಿಸಿದ ಮೇಡಂ.

ಮಾರ್ಚ್‌ನ ಒಂದು ಬೆಳಿಗ್ಗೆ ಡಾಕ್ಟರ್ ರಘುಪತಿ ಮೀಟಿಂಗಿಗೆ ಹೋಗಿದ್ದರು. ಹನ್ನೊಂದರ ಹೊತ್ತಿಗೆ ಜೀಪೊಂದು ಬಂದು ನಿಂತಿತು. ಧರ್ಮೇಶ್ ಎಂಬುವವನು ಎಂಟು ತಿಂಗಳ ಬಸುರಿ ಹೆಂಡತಿ ದಿವ್ಯಳನ್ನು ಎತ್ತಿಕೊಂಡು ಒಳಗೆ ಬಂದ. ಹಿಂದೆಯೇ ಅವನ ತಾಯಿ ತುಂಗಮ್ಮ.

"ಎರಡು ದಿನದಿಂದ ತಲೆನೋವು ಅಂತಿದ್ಲು ಸಿಸ್ಟರ್. ಬಿಸಿಲಿಗೆ ಅಂದ್ಕಂಡ್ವಿ," ಎಂದಳು ತುಂಗಮ್ಮ.

ದಿವ್ಯಳ ಕಾಲು ಊದಿಕೊಂಡಿತ್ತು. ಬಿ.ಪಿ. ನೂರ ಎಂಬತ್ತು, ನೂರ ಇಪ್ಪತ್ತು. ತೋಳಿನ ಬಿ.ಪಿ. ಪಟ್ಟಿ ಬಿಚ್ಚುವಷ್ಟರಲ್ಲಿ ಅವಳ ಕಣ್ಣು ಮೇಲೆ ಸಿಕ್ಕಿಕೊಂಡು ಮೈಯೆಲ್ಲ ಸೆಟೆದು ಅದುರತೊಡಗಿತು. ಕಬ್ಬಿಣ ಹಿಡಿದರೆ ಫಿಟ್ಸ್ ನಿಲ್ಲುತ್ತದೆಂದು ತುಂಗಮ್ಮ ಸೊಂಟದ ಬೀಗದ ಕೈ ಗೊಂಚಲನ್ನು ಸೊಸೆಯ ಮುಷ್ಟಿಗೆ ತುರುಕಲು ಹೋದಳು. ಗಂಗಾಂಬಿಕೆ ಅದನ್ನು ತಡೆದು ದಿವ್ಯಳನ್ನು ಎಡ ಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆ ಒರೆಸಿದಳು. ಆಯಾ ಕಮಲಕ್ಕ ಡಾಕ್ಟರಿಗೆ ಫೋನ್ ಹಚ್ಚಿದಳು, ಮತ್ತೆ ಹಚ್ಚಿದಳು.

"ಸಿಗ್ತಾ ಇಲ್ಲ ಕಣೇ. ಎಂತ ಮಾಡ್ತೀಯ?"

ಓಡಿಹೋಗಬೇಕು ಅನ್ನಿಸಿತು ಗಂಗಾಂಬಿಕೆಗೆ. ನಿಜವಾಗಿಯೂ ಬಾಗಿಲಿನ ಕಡೆ ನೋಡಿದಳು. ಆಮೇಲೆ ಬೀರು ತೆಗೆದಳು. ಪೃಷ್ಠದ ಒಂದೊಂದು ಬದಿಗೆ ಐದು, ಒಟ್ಟು ಹತ್ತು ಆಂಪೂಲ್, ಮದ್ದು ತುಂಬಿದ ಗಾಜಿನ ಪುಟ್ಟ ಕುಪ್ಪಿಗಳು. ಮೂರನೆಯದು ಮುರಿಯುವಾಗ ಗಾಜು ಬೆರಳಿಗೆ ಹೊಕ್ಕಿತು. ಕಮಲಕ್ಕನಿಗೆ ಗಟ್ಟಿಯಾಗಿ ಎಣಿಸಲು ಹೇಳಿ, ತಾನೂ ಎಣಿಸಿ, ಎರಡೂ ಪೃಷ್ಠಕ್ಕೆ ಆಳವಾಗಿ ಚುಚ್ಚಿದಳು. ಕೊಟ್ಟ ಗಳಿಗೆ ಚೀಟಿಯಲ್ಲಿ ಬರೆದಳು. ಉಸಿರು ಕುಂದಿದರೆ ಕೊಡುವ ಮದ್ದನ್ನು ಚೀಲಕ್ಕೆ ಹಾಕಿಕೊಂಡು, ಅದೇ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೊರಟಳು.

ಅದುರುವುದು ನಿಂತಿತ್ತು. ಈಗ ಉಸಿರೂ ನಿಂತೀತೆಂಬ ಭಯ. ನಿಮಿಷಕ್ಕೆ ಹದಿನಾರಕ್ಕಿಂತ ಕಡಿಮೆ ಉಸಿರಾಡಬಾರದು. ಮುತ್ತಿನಕೊಪ್ಪ ದಾಟಿದ ಮೇಲೆ ಎಣಿಸಿದಳು, ಹದಿನಾಲ್ಕು. ಮತ್ತೆ ಎಣಿಸಿದರೆ ಜೀಪಿನ ಕುಲುಕಾಟದಲ್ಲಿ ಲೆಕ್ಕವೇ ತಪ್ಪಿತು.

"ಗಾಡಿ ನಿಲ್ಸಿ," ಎಂದಳು.

"ಇಲ್ಲಿ ಎಂತಕ್ಕೆ ನಿಲ್ಸದು ಮಾರಾಯ್ತಿ, ಹೆಂಡ್ತಿ ಸಾಯ್ತಾಳೆ," ಎಂದ ಧರ್ಮೇಶ್.

"ಒಂದೇ ನಿಮಿಷ. ಇಂಜಿನ್ ಆಫ್ ಮಾಡ್ಸಿ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ದಿವ್ಯಳ ಎದೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡಿದಳು. ಅಷ್ಟು ದೊಡ್ಡ ನಿಮಿಷವನ್ನು ಅವಳು ಕಂಡಿರಲಿಲ್ಲ. ಹದಿನೆಂಟು. ಮಂಡಿಯ ಕೆಳಗೆ ಕೈಯಂಚಿನಿಂದ ತಟ್ಟಿದಾಗ ಕಾಲು ಸಣ್ಣಗೆ ಹಾರಿತು, ಅಂದರೆ ಮದ್ದು ಹೆಚ್ಚಾಗಿರಲಿಲ್ಲ.

"ಹೋಗಿ," ಎಂದಳು. ರಸ್ತೆಯ ಕಡೆ ಕೈ ತೋರಿಸಿದಳು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಚೀಟಿ ಓದಿ, "ಯಾರು ಕೊಟ್ಟಿದ್ದು?" ಎಂದರು.

"ನಾನೇ ಮೇಡಂ."

"ಸರಿಯಾಗಿದೆ," ಎಂದು ಒಳಗೆ ಹೋದರು. ಗಂಗಾಂಬಿಕೆ ಹೊರಗಿನ ನಲ್ಲಿಯ ಹತ್ತಿರ ಹೋಗಿ ಬೆರಳಿನಲ್ಲಿದ್ದ ಗಾಜಿನ ಚೂರು ಕಿತ್ತಳು. ಸಂಜೆ ಆಪರೇಷನ್ ಮಾಡಿ ಮಗು ತೆಗೆದರು. ಒಂದು ಮುಕ್ಕಾಲು ಕಿಲೋ ತೂಕದ ಹೆಣ್ಣು. ತಾಯಿ, ಮಗು ಇಬ್ಬರೂ ಉಳಿದರು.

ಮಾರನೆಯ ದಿನ ರಘುಪತಿ ಎಲ್ಲ ಕೇಳಿಸಿಕೊಂಡು, ಅವಳಂಥವರಿಗೆ ಎರಡು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ, ಅದಾದ ಮೇಲೆ ಎಂ.ಎಸ್ಸಿ., ಹೆರಿಗೆಯನ್ನು ನರ್ಸೇ ಸ್ವತಂತ್ರವಾಗಿ ನೋಡಿಕೊಳ್ಳುವ ಕೋರ್ಸೂ ಕೆಲವು ಕಡೆ ಶುರುವಾಗಿದೆ ಎಂದರು.

"ಹೆದರಿಕೆ ಆಗುತ್ತೆ ಸರ್. ಹೆಚ್ಚು ಓದಿದ್ರೆ ಎಲ್ಲಾ ನಾನೇ ನಿರ್ಧಾರ ಮಾಡ್ಬೇಕಾಗುತ್ತೆ."

"ಹೌದು. ಮಾಡ್ಬೇಕಾಗುತ್ತೆ," ಎಂದರು ಅವರು.

ಗಂಗಾಂಬಿಕೆ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಉಸಿರು ಹದಿನಾಲ್ಕೇ ನಿಜವಾಗಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಉತ್ತರವಾಗಿ ಚೀಲದಲ್ಲಿ ಮದ್ದಿತ್ತು, ಆದರೆ ಅದು ಯಾಕೆ ಕೆಲಸ ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಅರ್ಜಿ ಹಾಕಿದಳು. ಮರುವರ್ಷ ಸೀಟು ಸಿಕ್ಕಿತು. ಮೊದಲ ದಿನ, ತನಗಿಂತ ಚಿಕ್ಕವರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು, ಪೆನ್ನು ಹಿಡಿಯಲಾರದಷ್ಟು ಬೆವರಿದ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ, ಉಸಿರಾಟದ ಪಾಠಕ್ಕೆ ಕಾದಳು.