ನಾಟಿ ಸಾಲಿನ ಜಾಗ

ಎದೆಗುಂಡಿಗೆಯ ಕೆಳಗೆ ವರ್ಷಗಟ್ಟಲೆ ಉರಿದ ಉರಿಗೆ ಕೊನೆಗೂ ಕಾರಣ ಸಿಕ್ಕಿತ್ತು. ಜಠರದಲ್ಲಿ ಕ್ರಿಮಿ ಸೇರಿ ಹುಣ್ಣು ಮಾಡಿದೆ ಎಂದು ಸಿಂಧನೂರಿನ ಡಾಕ್ಟರಮ್ಮ ವಳಕಮದಿನ್ನಿಯ ಗದ್ದೆಮ್ಮನಿಗೆ ಬಿಡಿಸಿ ಹೇಳಿದ್ದರು. ತಾವು ಬರೆದ ದೊಡ್ಡ ಗುಳಿಗೆಗಳು ಆ ಕ್ರಿಮಿಯ ಜೊತೆಗೆ ಕರುಳಿನಲ್ಲಿರುವ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತವೆ, ಹೊಟ್ಟೆ ಕೆಡಬಹುದು; ಅದನ್ನು ಸಂಭಾಳಿಸಲು ಒಳ್ಳೆಯ ಜೀವಿಗಳೇ ತುಂಬಿದ ಈ ಸಣ್ಣ ಕ್ಯಾಪ್ಸೂಲು. ಏನೇ ಆಗಲಿ, ದೊಡ್ಡ ಗುಳಿಗೆ ಎರಡು ವಾರ ನಡುವೆ ಬಿಡಬೇಡ ಎಂದಿದ್ದರು.

ಹೊಟ್ಟೆ ಕೆಟ್ಟದ್ದು ಸರಿಯಾಗಿ ಭತ್ತದ ನಾಟಿಯ ಹೊತ್ತಿಗೆ. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದಂಥ ರುಚಿ, ರೊಟ್ಟಿ ಮುರಿದರೆ ವಾಕರಿಕೆ. ಅದನ್ನಾದರೂ ತಡೆದಾಳು, ಭೇದಿಯನ್ನು ಹೇಗೆ ತಡೆಯುವುದು? ಕಣ್ಣು ಹಾಯುವವರೆಗೂ ನೀರು ನಿಂತ ಗದ್ದೆ, ಮರೆಗೊಂದು ಜಾಲಿ ಗಿಡವಿಲ್ಲ. ಗುತ್ತಿಗೆ ಹಿಡಿದ ಹೆಂಗಸರು ಸಾಲಾಗಿ ಹಿಂದೆ ಸರಿಯುತ್ತ ಸಸಿ ಊರುತ್ತಾರೆ. ಒಬ್ಬಳು ಎದ್ದು ಹೋದರೆ ಅವಳ ಪಾಲನ್ನು ಅಕ್ಕಪಕ್ಕದವರು ತುಂಬಬೇಕು.

ಮೊದಮೊದಲು ನಕ್ಕರು. ಕಾಲುವೆ ನೀರು ನಿಂತರೂ ಇವಳದು ನಿಲ್ಲುವುದಿಲ್ಲ ಎಂದು ಪಕ್ಕದಲ್ಲಿ ಸಸಿ ಊರುತ್ತಿದ್ದ ಶಿವಗಂಗಾ ಚೇಷ್ಟೆ ಮಾಡಿದಳು. ಆಮೇಲೆ ನಗುವೂ ನಿಂತಿತು. ಗುಂಪು ಕಟ್ಟಿದವಳು ಕರೆಮ್ಮ. ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಎಲ್ಲರೆದುರೇ ಹೇಳಿದಳು:

"ಮಂದಿ ಬಾಯಿ ನಾ ಎಷ್ಟ್ ದಿನ ಮುಚ್ಚಲಿ ಯವ್ವಾ? ಆ ದೊಡ್ಡ ಗುಳಿಗಿ ಬಿಟ್ಟಬಿಡು, ತಂಪಿಂದು, ಆ ಸಣ್ಣ ಕ್ಯಾಪ್ಸೂಲ ಒಂದ ನುಂಗು. ನಾಟಿ ಮುಗದ ಮ್ಯಾಲ ಬೇಕಾದ್ದು ತಗೊಳ್ಳುವಂತಿ."

ಗುಂಪಿನಲ್ಲಿ ಜಾಗ ತಪ್ಪಿದರೆ ಹಂಗಾಮಿನ ದುಡಿಮೆಯೇ ತಪ್ಪಿತು, ಮುಂದಿನ ಹಂಗಾಮಿಗೆ ಕರೆಯುತ್ತಾರೆಂಬ ಭರವಸೆಯೂ ಇಲ್ಲ. ಗದ್ದೆಮ್ಮ ದೊಡ್ಡ ಗುಳಿಗೆ ಬಿಟ್ಟಳು. ಹೊಟ್ಟೆ ಹಿಡಿತಕ್ಕೆ ಬಂತು. ನೋಡಿದಿರಾ ಎಂದು ಕರೆಮ್ಮ ಊರೆಲ್ಲ ಹೇಳಿಕೊಂಡು ತಿರುಗಿದಳು.

ನಾಟಿ ಇನ್ನೂ ಅರ್ಧ ಇರುವಾಗಲೇ ಉರಿ ತಿರುಗಿ ಬಂತು. ಬಗ್ಗಿದರೆ ಹುಳಿ ಗಂಟಲಿಗೆ ನುಗ್ಗುತ್ತಿತ್ತು. ಒಂದು ಮಧ್ಯಾಹ್ನ ಗದ್ದೆಯ ಕೆಸರಿನಲ್ಲೇ ವಾಂತಿಯಾಯಿತು, ಚಹಾದ ಚರಟದಂತೆ ಕಪ್ಪಗೆ. ಸಿಂಧನೂರಿಗೆ ಒಯ್ದು ಆಸ್ಪತ್ರೆಗೆ ಸೇರಿಸಿದರು. ಹುಣ್ಣಿನಿಂದ ರಕ್ತ ಒಸರಿದೆ, ಅರ್ಧಕ್ಕೆ ಬಿಟ್ಟದ್ದರಿಂದ ಉಳಿದ ಕ್ರಿಮಿ ಗಟ್ಟಿಯಾಗಿರಬಹುದು, ಹಳೆಯ ಗುಳಿಗೆಗೆ ಬಗ್ಗಲಿಕ್ಕಿಲ್ಲ ಎಂದರು ಡಾಕ್ಟರಮ್ಮ. ಇನ್ನೂ ಜೋರಿನ ಗುಳಿಗೆ ಬರೆದರು. ಹೊಟ್ಟೆ ಮತ್ತೆ ಕೆಡಬಹುದು, ಕ್ಯಾಪ್ಸೂಲು ಅಷ್ಟಿಷ್ಟು ತಡೆದೀತು, ಪೂರ್ತಿ ಅಲ್ಲ.

ಮನೆಗೆ ಬಂದ ಮರುದಿನ ಬೆಳಗ್ಗೆ ಗುಂಪನ್ನು ಗದ್ದೆಗೆ ಒಯ್ಯುವ ಟಂಟಂ ಆಟೋ ಓಣಿಯ ಬಾಯಿಗೆ ನಿಂತಿತು. ಗದ್ದೆಮ್ಮ ಗೋಡೆ ಹಿಡಿದುಕೊಂಡು ಬುತ್ತಿಯೊಂದಿಗೆ ಅಲ್ಲಿಯವರೆಗೂ ಬಂದಳು. ಅವಳು ಕೂರುವಲ್ಲಿ ಕರೆಮ್ಮನ ಸೊಸೆ ಅಂಬಿಕಾ ಕೂತಿದ್ದಳು, ನಾಟಿಗೆಂದು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು.

"ಆರಾಮ ಮಾಡ್ಕೋ ಬೇ," ಎಂದಳು ಕರೆಮ್ಮ. "ಡಾಕ್ಟರ್ ಕೊಟ್ಟ ಗುಳಿಗಿ ಅರ್ಧಕ್ಕ ಬಿಡಬಾರದು ಅಂತ ಅಷ್ಟೂ ತಿಳಿಲಿಲ್ಲೇನು ನಿನಗ?"

ಗದ್ದೆಮ್ಮ ಒಳಗಿದ್ದವರ ಮುಖ ನೋಡಿದಳು. ಎಲ್ಲರೂ ಅವತ್ತು ಬದುವಿನ ಮೇಲೆ ಉಂಡವರೇ. ಒಬ್ಬಳು ಸೆರಗು ಸರಿಮಾಡಿಕೊಂಡಳು, ಒಬ್ಬಳು ಎಲೆಗೆ ಸುಣ್ಣ ಹಚ್ಚತೊಡಗಿದಳು. ಹೊತ್ತಾಯಿತು, ಗಾಡಿ ಬಿಡು ಎಂದು ಶಿವಗಂಗಾ ಡ್ರೈವರನಿಗೆ ಹೇಳಿದಳು.